ಒಂದೇ ಗೇರಿನ ಗಾಡಿ, ಎರಡು ಘಾಟಿ: ಮೊಪೆಡ್ ಪ್ರವಾಸಕ್ಕೆ ನಾನು ಸಿದ್ಧನಾದ ಬಗೆ

ದಾವಣಗೆರೆಯಿಂದ ಹೊರಟು ಶಿವಮೊಗ್ಗ, ಸಾಗರ ದಾಟಿ ಹೊನ್ನಾವರಕ್ಕೆ ಇಳಿಯುವುದು, ಕಡಲಂಚಿನ ದಾರಿ ಹಿಡಿದು ಉಡುಪಿಗೆ ಬರುವುದು, ಆಗುಂಬೆ ಹತ್ತಿ ತೀರ್ಥಹಳ್ಳಿಯ ಮೇಲೆ ಊರು ಸೇರುವುದು. ಟಿವಿಎಸ್ ಎಕ್ಸ್‌ಎಲ್ 100ರಲ್ಲಿ ನಾನು ಒಬ್ಬನೇ ಹೋಗಿಬಂದ ಸುತ್ತು ಇದು. ಹೊರಡುವ ಮೊದಲು ಸಿಕ್ಕವರೆಲ್ಲ ಕೇಳಿದ್ದು, "ಅದು ಘಾಟಿ ಹತ್ತುತ್ತದೆಯೇ?" ಎಂದು. ನಿಧಾನವಾಗಿಯಾದರೂ ಹತ್ತುತ್ತದೆ. ನನ್ನ ಯೋಚನೆಯೆಲ್ಲ ಇಳಿಯುವುದರ ಮೇಲಿತ್ತು. ಸಿದ್ಧತೆಯ ಬಹುಪಾಲು ಹೊತ್ತು ಹೋದದ್ದೂ ಅದಕ್ಕೇ.

ಗೇರ್ ಇರುವ ಬೈಕಿನಲ್ಲಿ ಇಳಿಜಾರು ಬಂದಾಗ ಕೆಳಗಿನ ಗೇರಿಗೆ ಹಾಕಿದರೆ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಮೊಪೆಡ್‌ಗೆ ಇರುವುದು ಒಂದೇ ಗೇರ್. ಅದರ ಕ್ಲಚ್ ಎಂಜಿನ್ ಸುತ್ತುವ ವೇಗಕ್ಕೆ ತಕ್ಕಂತೆ ತಾನೇ ಕಚ್ಚಿಕೊಳ್ಳುತ್ತದೆ, ತಾನೇ ಬಿಡುತ್ತದೆ. ತಿರುವಿಗೆಂದು ವೇಗ ತೀರಾ ಇಳಿಸಿದರೆ ಕ್ಲಚ್ ಬಿಟ್ಟುಕೊಂಡು ಗಾಡಿ ಸುಮ್ಮನೆ ಉರುಳತೊಡಗುತ್ತದೆ. ಆಗ ಸವಾರನ ಭಾರ, ಸಾಮಾನಿನ ಭಾರ, 90 ಕಿಲೋ ಒಳಗಿನ ಗಾಡಿಯ ಭಾರ ಎಲ್ಲವೂ ಎರಡು ಸಣ್ಣ ಡ್ರಮ್ ಬ್ರೇಕ್‌ಗಳ ಮೇಲೆ ಬೀಳುತ್ತದೆ. ಬಿಡದೆ ಒತ್ತಿ ಹಿಡಿದರೆ ಡ್ರಮ್ ಕಾದು ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ನಾನು ಮೊದಲು ಬಿಡಿಸಿದ್ದು ನಕ್ಷೆಯನ್ನು. ಪಾನಾ ಹಿಡಿದದ್ದು ಆಮೇಲೆ.

ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳು ಒಂದರ ಮೇಲೊಂದು ಬರುತ್ತವೆ, ಇಳಿಜಾರು ಕಡಿದು. ಮಾವಿನಗುಂಡಿಯಿಂದ ಗೇರುಸೊಪ್ಪೆಗೆ ಇಳಿಯುವ ಮಾಲೆಮನೆ ಘಾಟಿ ಉದ್ದನೆಯದು, ಆದರೆ ತಿರುವು ತಿರುವಿನ ನಡುವೆ ಬ್ರೇಕಿಗೆ ಉಸಿರಾಡಲು ಜಾಗ ಸಿಗುತ್ತದೆ. ಅದನ್ನು ಇಳಿಯಲು, ಆಗುಂಬೆಯನ್ನು ಹತ್ತಲು ಎಂದು ತೀರ್ಮಾನಿಸಿದೆ. ಸುತ್ತಿನ ದಿಕ್ಕು ಹೀಗೆ ಗೊತ್ತಾಯಿತು. ಉಳಿದ ಊರುಗಳು ತಾವಾಗಿಯೇ ಸಾಲಿನಲ್ಲಿ ಬಂದು ನಿಂತವು. ಮಲೆನಾಡಿಗೆ ಮೊಪೆಡ್ ಒಯ್ಯುವವರು ಯಾವ ಘಾಟಿಯನ್ನು ಯಾವ ಕಡೆಯಿಂದ ಎಂದು ಮನೆಯಲ್ಲೇ ಕುಳಿತು ನಿರ್ಧರಿಸಿಕೊಳ್ಳಬೇಕು ಎಂದು ಒತ್ತಿ ಹೇಳುತ್ತೇನೆ.

ದಿನಕ್ಕೆ ಎಷ್ಟು ದೂರ ಎಂಬುದನ್ನೂ ಗಾಡಿಯೇ ಹೇಳಬೇಕು. ಸಾಮಾನು ಹೇರಿದ ಎಕ್ಸ್‌ಎಲ್‌ಗೆ ಗಂಟೆಗೆ 40 ಕಿ.ಮೀ. ಹಿತವಾದ ವೇಗ. ಊಟ, ನೀರು, ಎಂಜಿನ್‌ಗೆ ವಿರಾಮ ಎಲ್ಲ ಸೇರಿದರೆ ಸರಾಸರಿ 30ರ ಹತ್ತಿರ ಬಂದು ನಿಲ್ಲುತ್ತದೆ. ಬಯಲು ದಾರಿಯಾದರೆ ಹೆಚ್ಚೆಂದರೆ 160, ಘಾಟಿ ಇರುವ ದಿನ 100 ಕಿ.ಮೀ. ಎಂದು ಗೆರೆ ಎಳೆದುಕೊಂಡೆ. ಹೊನ್ನಾಳಿ ಮಾರ್ಗವಾಗಿ ಸಾಗರದವರೆಗಿನ ದಾರಿ ಮೊದಲ ಲೆಕ್ಕಕ್ಕೆ ಹೊಂದಿತು, ಸಾಗರದಿಂದ ಹೊನ್ನಾವರ ಎರಡನೆಯದಕ್ಕೆ. ಕತ್ತಲಾದ ಮೇಲೆ ಸವಾರಿ ಇಲ್ಲ ಎಂಬುದು ಮೊದಲಿನಿಂದಲೂ ನನ್ನ ನಿಯಮ. ಮೊಪೆಡ್‌ನ ದೀಪ ಊರೊಳಗಿನ ಬೀದಿಗೆ ಸಾಕು, ಕಾಡಿನ ತಿರುವಿಗೆ ಸಾಲದು.

ಮಳೆಗಾಲ ಕಳೆದು ಚಳಿ ಹಿಡಿಯುವ ಹೊತ್ತನ್ನು ಆರಿಸಿಕೊಂಡೆ. ಆ ಕಾಲಕ್ಕೆ ಬಯಲುಸೀಮೆಯಲ್ಲಿ ಬೇರೊಂದು ಎಚ್ಚರ ಬೇಕು. ದಾವಣಗೆರೆ, ಹೊನ್ನಾಳಿ ಕಡೆ ರೈತರು ಮೆಕ್ಕೆಜೋಳವನ್ನು ರಸ್ತೆಯ ಅಂಚಿನಲ್ಲಿ ಒಣಗಲು ಹರವಿರುತ್ತಾರೆ. ಹಿಂದಿನಿಂದ ಬಸ್ಸು ಹಾರನ್ ಹೊಡೆದಾಗ ಎಡಕ್ಕೆ ಸರಿದರೆ ಸಣ್ಣ ಟೈರು ನೇರ ಕಾಳಿನ ಮೇಲೆ ಏರುತ್ತದೆ, ಅಲ್ಲಿ ಬ್ರೇಕ್ ಮುಟ್ಟಿದರೆ ಜಾರುವುದು ಖಂಡಿತ. ಇದಕ್ಕಾಗಿಯೇ ಎರಡೂ ಕಡೆ ಕನ್ನಡಿ ಹಾಕಿಸಿಕೊಂಡೆ. ಹಿಂದೆ ಏನು ಬರುತ್ತಿದೆ ಎಂದು ಮೊದಲೇ ಕಂಡರೆ, ಕಾಳಿನ ರಾಶಿ ಮುಗಿಯುವ ತನಕ ರಸ್ತೆಯ ಮೇಲೆ ನಮ್ಮ ಜಾಗ ಹಿಡಿದುಕೊಂಡು ಹೋಗಬಹುದು.

ಇನ್ನು ಗ್ಯಾರೇಜಿನ ಕೆಲಸ. ವರ್ಷಗಳಿಂದ ನನ್ನ ಗಾಡಿ ನೋಡುವ ಮೆಕ್ಯಾನಿಕ್‌ಗೆ ದಾರಿ ಹೇಳಿದಾಗ ಅವರು ಹೇಳಿದ್ದಿಷ್ಟೇ: "ಸಾಮಾನು ಕಟ್ಟಿಕೊಂಡೇ ಬನ್ನಿ ಸರ್. ಚೈನನ್ನು ಭಾರ ಇರುವಾಗಲೇ ನೋಡಬೇಕು." ಅದರ ಅರ್ಥ ಅಲ್ಲಿ ಹೋದಾಗ ಕಣ್ಣಿಗೇ ಕಂಡಿತು. ಖಾಲಿ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಚೈನನ್ನು ಬೆರಳಿನಿಂದ ಎತ್ತಿದರೆ ಸಾಕಷ್ಟು ಸಡಿಲ ಇತ್ತು. ನಾನು ಕುಳಿತು, ಹಿಂದೆ ಚೀಲವೂ ಬಿದ್ದ ಮೇಲೆ ಹಿಂಚಕ್ರ ಮೇಲೆದ್ದು ಅದೇ ಚೈನು ಬಿಗಿದುಕೊಂಡಿತು. ಖಾಲಿ ಗಾಡಿಯಲ್ಲಿ ಚೆನ್ನಾಗಿದೆ ಎನಿಸುವಷ್ಟು ಬಿಗಿ ಮಾಡಿದ್ದರೆ ದಾರಿಯ ಒಂದೊಂದು ಗುಂಡಿಯೂ ಸ್ಪ್ರಾಕೆಟ್ಟನ್ನೂ (ಚೈನು ಕೂರುವ ಹಲ್ಲಿನ ಚಕ್ರ) ಬೇರಿಂಗನ್ನೂ ಎಳೆಯುತ್ತಿತ್ತು. ಭಾರ ಹೇರಿದ ಸ್ಥಿತಿಯಲ್ಲಿ ಸ್ವಲ್ಪ ಆಟ ಉಳಿಯುವಂತೆ ನೋಡಿ ನಟ್ಟು ಬಿಗಿದರು.

ಡ್ರಮ್ಮಿನ ಒಳಗೆ ಉಜ್ಜಿ ಚಕ್ರ ಹಿಡಿಯುವ ಬ್ರೇಕ್ ಶೂಗಳನ್ನು ಎರಡೂ ಚಕ್ರಕ್ಕೆ ಹೊಸದಾಗಿ ಹಾಕಿಸಿದೆ. ಹಳೆಯವು ಇನ್ನೂ ಸ್ವಲ್ಪ ದಿನ ಬರುತ್ತಿದ್ದವು, ಆದರೆ ಘಾಟಿಗೆ ಹೋಗುವಾಗ ಶೂ ವಿಷಯದಲ್ಲಿ ಉಳಿತಾಯ ಸಲ್ಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೊಸ ಶೂ ಡ್ರಮ್ಮಿಗೆ ಪೂರ್ತಿ ಕೂರಲು ಸಮಯ ಬೇಕು. ಹಾಗಾಗಿ ಈ ಕೆಲಸವನ್ನು ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬಾರದು. ಎಂಜಿನ್ ಆಯಿಲ್, ಏರ್ ಫಿಲ್ಟರ್ ಅದೇ ಸರದಿಯಲ್ಲಿ ಆದವು. ನನ್ನ ಗಾಡಿಯದು ಕಡ್ಡಿ ಚಕ್ರ. ಮೆಕ್ಯಾನಿಕ್ ಪಾನಾದಿಂದ ಒಂದೊಂದೇ ಕಡ್ಡಿಯನ್ನು ಮೆಲ್ಲಗೆ ಬಡಿದು ಕಿವಿಗೊಟ್ಟರು. ಬಿಗಿ ಇರುವುದು ಟಿಣ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಹಿಂಚಕ್ರದಲ್ಲಿ ಮಂಕು ಸದ್ದಿನವನ್ನು ಹುಡುಕಿ ಬಿಗಿದು, ಚಕ್ರ ತಿರುಗಿಸಿ ಬೆಂಡ್ ತೆಗೆದರು. ಹೊತ್ತು ಹಿಡಿಯುವ ಕೆಲಸ, ಆದರೆ ಭಾರ ಹೊರುವ ಗಾಡಿಗೆ ಇದು ಬೇಕೇ ಬೇಕು.

ಜೊತೆಗೆ ಒಯ್ದ ಬಿಡಿಭಾಗಗಳು: ಸ್ಪಾರ್ಕ್ ಪ್ಲಗ್, ಪ್ಲಗ್ ಪಾನಾ, ಆ್ಯಕ್ಸಿಲರೇಟರ್ ಕೇಬಲ್, ಬ್ರೇಕ್ ಕೇಬಲ್, ಚೈನ್ ಲಾಕ್ (ಚೈನಿನ ತುದಿಗಳನ್ನು ಕೂಡಿಸುವ ಕೊಂಡಿ), ಫ್ಯೂಸ್, ಒಂದು ಹೊಸ ಟ್ಯೂಬ್, ಟೈರ್ ಲಿವರ್, ಕೈಪಂಪು, ಪಂಕ್ಚರ್ ಸಾಮಾನು, ಒಂದಿಷ್ಟು ಕಬ್ಬಿಣದ ತಂತಿ. ಕ್ಲಚ್ ಕೇಬಲ್ ಎಂಬುದೇ ಈ ಗಾಡಿಗಿಲ್ಲ, ಅಷ್ಟು ಭಾರ ಉಳಿಯಿತು. ಉಳಿದದ್ದೇನು ಬೇಕಾದರೂ ದಾರಿಯ ಪೇಟೆಗಳಲ್ಲಿ ಸಿಗುತ್ತದೆ. ಹಾಲಿನವರು, ಮೀನಿನವರು, ತೋಟದವರು ಎಲ್ಲರೂ ಓಡಿಸುವ ಗಾಡಿ ಇದಾದ್ದರಿಂದ ಇದನ್ನು ಬಿಚ್ಚಲು ಬಾರದ ಮೆಕ್ಯಾನಿಕ್ ನನಗೆ ಎಲ್ಲೂ ಸಿಗಲಿಲ್ಲ. ಹಿಂಚಕ್ರ ಬಿಚ್ಚಿ ಟ್ಯೂಬ್ ಬದಲಿಸುವುದನ್ನು ಮಾತ್ರ ಮನೆಯಂಗಳದಲ್ಲಿ ನಾನೇ ಮಾಡಿ ಕೈಗೆ ರೂಢಿ ಮಾಡಿಕೊಂಡೆ. ಜೋಗದಿಂದ ಮುಂದಿನ ಕಾಡುದಾರಿಯಲ್ಲಿ ಪಂಕ್ಚರ್ ಅಂಗಡಿ ಹುಡುಕುವುದು ಸುಲಭವಲ್ಲ.

ಸಾಮಾನನ್ನು ಮನೆ ಹತ್ತಿರದ ಕಿರಾಣಿ ಅಂಗಡಿಯ ತಕ್ಕಡಿಯ ಮೇಲಿಟ್ಟು ತೂಗಿದೆ. 12 ಕಿಲೋ ದಾಟಬಾರದೆಂದು ಮೊದಲೇ ನಿಶ್ಚಯಿಸಿದ್ದೆ. ಕಂಪನಿಯವರು ಹೇಳುವ ಭಾರಮಿತಿಯಲ್ಲಿ ಸವಾರನ ತೂಕವೂ ಸೇರಿದೆ ಎಂಬುದನ್ನು ಹಲವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾನಾ, ಟ್ಯೂಬ್, ನೀರಿನಂತಹ ಭಾರದ ವಸ್ತುಗಳನ್ನು ಕಾಲಿಡುವ ಜಾಗದಲ್ಲಿ ತಗ್ಗಿಗೆ ಇಟ್ಟೆ, ಬಟ್ಟೆಯ ಚೀಲ ಹಿಂದಿನ ಸೀಟಿಗೆ. ಭಾರವೆಲ್ಲ ಹಿಂದೆ ಕುಳಿತರೆ ಹತ್ತುವಾಗ ಮುಂಚಕ್ರ ಹಗುರಾಗಿ ಹ್ಯಾಂಡಲ್ ಅಲುಗಾಡುತ್ತದೆ. ಕಟ್ಟಲು ಹಳೆಯ ಸೈಕಲ್ ಟ್ಯೂಬ್ ಸೀಳಿದ ರಬ್ಬರ್ ಪಟ್ಟಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಹಗ್ಗ ದಾರಿಯ ಕುಲುಕಿಗೆ ಸಡಿಲವಾಗುತ್ತದೆ, ರಬ್ಬರು ತಾನೇ ಎಳೆದುಕೊಂಡು ಕೂರುತ್ತದೆ. ಚೀಲಕ್ಕೆ ರಸಗೊಬ್ಬರದ ಖಾಲಿ ಚೀಲವನ್ನು ತೊಳೆದು ಒಣಗಿಸಿ ಹೊದಿಕೆ ಮಾಡಿದೆ. ಮಂಜಿಗೂ ಅಕಾಲದ ಮಳೆಗೂ ಅದು ಸಾಕು.

ಹೀಗೆ ಹೇರಿಕೊಂಡು ಶಾಂತಿಸಾಗರ ಕೆರೆಯವರೆಗೆ ಹೋಗಿ ಬಂದದ್ದು ತಾಲೀಮು. ಎಲ್ಲಿ ಚೀಲ ಮೊಣಕಾಲಿಗೆ ತಾಗುತ್ತದೆ, ಭಾರ ಇರುವಾಗ ಬ್ರೇಕ್ ಒತ್ತಿದರೆ ಎಷ್ಟು ಮುಂದೆ ಹೋಗಿ ನಿಲ್ಲುತ್ತದೆ ಎಂಬುದೆಲ್ಲ ಅಲ್ಲೇ ಗೊತ್ತಾಯಿತು. ಪೆಟ್ರೋಲಿನ ಲೆಕ್ಕವೂ ಆಗಲೇ ಸಿಕ್ಕಿತು. ಟ್ಯಾಂಕ್ ಹಿಡಿಸುವುದು 4 ಲೀಟರ್. ಭಾರ ಹೇರಿದಾಗ ಲೀಟರಿಗೆ 50 ಕಿ.ಮೀ. ಎಂದು ಹಿಡಿದು, ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಸದೆ ಹೋಗುವುದೆಂದು ಇಟ್ಟುಕೊಂಡೆ. ಸಾಗರದಲ್ಲಿ ತುಂಬಿಸಿದ ಮೇಲೆ ಹೊನ್ನಾವರದವರೆಗೆ ಆ ಚಿಂತೆಯಿರಲಿಲ್ಲ.

ಕಾಗದಪತ್ರಗಳಲ್ಲಿ ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ, ಲೈಸೆನ್ಸ್ ನಾಲ್ಕನ್ನೂ ಡಿಜಿಲಾಕರ್‌ನಲ್ಲಿ ಇಟ್ಟು, ಪ್ರತಿಗಳನ್ನೂ ಒಯ್ದೆ. 50 ಸಿಸಿ ಗಾಡಿಗೆ 16 ವರ್ಷಕ್ಕೇ ಲೈಸೆನ್ಸ್ ಸಿಗುತ್ತದೆ ಎಂಬ ಲೂನಾ ಕಾಲದ ಮಾತು ಈ ಗಾಡಿಗೆ ಹೊಂದುವುದಿಲ್ಲ. ಇದು 99.7 ಸಿಸಿ, 18 ತುಂಬಿರಲೇಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಆ ಕಡೆ ಹೋಗುವವರು ಸರ್ವಿಸ್ ರಸ್ತೆಯ ಲೆಕ್ಕದಲ್ಲೇ ಸಮಯ ಹಾಕಿಕೊಳ್ಳಬೇಕು. ಕರಾವಳಿಯ 66ನೇ ಹೆದ್ದಾರಿಯಲ್ಲಿ ನನಗೆ ಅಡ್ಡಿಯಾಗಲಿಲ್ಲ. ಮರವಂತೆಯಲ್ಲಿ, ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಇರುವ ಕಡೆ, ಅಡ್ಡಗಾಳಿ ಹಗುರ ಗಾಡಿಯನ್ನು ಸರಿಸುತ್ತದೆ. ಅಲ್ಲಿ ಎಡಬದಿ ಹಿಡಿದು 35ಕ್ಕೆ ಇಳಿಸಿದೆ.

ಮಾಲೆಮನೆ ಘಾಟಿಯನ್ನು ತಿರುವಿಗೆ ಮೊದಲೇ ಬ್ರೇಕ್ ಒತ್ತಿ, ನೇರ ದಾರಿಯಲ್ಲಿ ಬಿಟ್ಟು, ಮತ್ತೆ ಒತ್ತಿ ಇಳಿದೆ. ಜಾಗ ಸಿಕ್ಕಲ್ಲಿ ನಿಲ್ಲಿಸಿ ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ನೋಡುತ್ತಿದ್ದೆ. ಝಳ ಜೋರಾಗಿ ತಾಗಿದರೆ ಆರುವ ತನಕ ಕಾಯುವುದು. ಆಗುಂಬೆಗೆ ಮೊದಲು ಉಡುಪಿಯಲ್ಲಿ ಬಟ್ಟೆಯ ಚೀಲವನ್ನು ಬಸ್ಸಿನ ಪಾರ್ಸೆಲ್‌ನಲ್ಲಿ ಶಿವಮೊಗ್ಗಕ್ಕೆ ಕಳುಹಿಸಿದೆ. ಇದನ್ನೂ ಮನೆಯಲ್ಲೇ ಯೋಜಿಸಿದ್ದೆ. ಘಾಟಿಯ ಬುಡದ ಸೋಮೇಶ್ವರದಲ್ಲಿ ಎಂಜಿನ್ ಆರಿಸಿ ಕೂತು, ಬೆಳಗಿನ ತಂಪಿನಲ್ಲೇ ಹತ್ತಲು ತೊಡಗಿದೆ. ಒಂದೇ ಗೇರಿನ ಗಾಡಿ ಏರಿನಲ್ಲಿ ತೀರಾ ನಿಧಾನವಾದರೆ ಕ್ಲಚ್ ಅರ್ಧ ಕಚ್ಚಿ ಜಾರುತ್ತ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಆದ್ದರಿಂದ ಮುಂದೆ ಬಸ್ಸು ಕಂಡರೆ ಅದರ ಹಿಂದೆ ತೆವಳದೆ, ಕೆಳಗಿನ ತಿರುವಿನ ಅಗಲದ ಜಾಗದಲ್ಲೇ ನಿಂತು ದಾರಿ ಖಾಲಿಯಾದ ಮೇಲೆ ಹೊರಡುತ್ತಿದ್ದೆ. 14 ತಿರುವುಗಳೂ ಹಾಗೆಯೇ ಮುಗಿದವು.

ಊರಿಗೆ ಬಂದ ಮೇಲೆ ಮೊದಲ ಕೆಲಸ ಸಿಹಿನೀರಿನಿಂದ ಗಾಡಿ ತೊಳೆಯುವುದು. ಕರಾವಳಿಯ ಉಪ್ಪು ಗಾಳಿ ಚೈನಿಗೂ ಕಡ್ಡಿಗಳ ಬುಡಕ್ಕೂ ಅಂಟಿರುತ್ತದೆ. ಚೈನು ಒಣಗಿಸಿ ಎಣ್ಣೆ ಬಿಡಬೇಕು, ಡ್ರಮ್ ಬಿಚ್ಚಿಸಿ ಶೂ ಪುಡಿ ಊದಿಸಬೇಕು. ನನ್ನ ಗಾಡಿಯ ಹಿಂದಿನ ಶೂ ಮುಂದಿನದಕ್ಕಿಂತ ಹೆಚ್ಚು ಸವೆದಿತ್ತು. ಮುಂದಿನ ಸಲಕ್ಕೆ ಆ ಒಂದು ಜೊತೆಯನ್ನು ಈಗಲೇ ತಂದಿಟ್ಟಿದ್ದೇನೆ.