ಡೂಡ್‌ಗೆ ಕನ್ನಡದ ತುಟಿ

ಮೂರು ವರ್ಷದ ಹಿಂದೆ ಒಂದು ಇಂಗ್ಲಿಷ್ ಸರಣಿಗೆ ಕನ್ನಡ ಡಬ್ಬಿಂಗ್ ಬರೆಯುವ ಕೆಲಸ ಸಿಕ್ಕಿತು. 8 ಕಂತು. ಒಂದೊಂದರಲ್ಲೂ ಏನಿಲ್ಲ ಅಂದರೂ 40 ಸಲ ‘ಡೂಡ್’, ಅಂದರೆ ಸ್ನೇಹಿತರು ಒಬ್ಬರನ್ನೊಬ್ಬರು ಕರೆಯುವ ಪದ. ಮೈಸೂರಲ್ಲಿ ಕೂತು ಇದೆಲ್ಲ ಆಗಲ್ಲ ಅಂತ ಸ್ಟುಡಿಯೋದವರು ಮೊದಲೇ ಮೂಗು ಮುರಿದಿದ್ದರು.

ಮೊದಲು ಎಲ್ಲಾ ಕಡೆ ‘ಗೆಳೆಯಾ’ ಹಾಕಿದೆ. ಕಂಪನಿ ನಾಟಕದ ಹಾಗಿದೆ ಅಂತ ವಾಪಸ್ ಬಂತು. ಆಮೇಲೆ ಎಲ್ಲಾ ಕಡೆ ‘ಮಗಾ’. ಸಂಬಳ ಕೊಡುವ ಯಜಮಾನನಿಗೂ ಮಗಾ! ಅದೂ ವಾಪಸ್. ಹಾಗೆ ವಾಪಸ್ ಬಂದ ಎರಡು ಕಂತಿನ ದುಡ್ಡು, ಹತ್ತಿರ ಹತ್ತಿರ 9 ಸಾವಿರ, ಅಲ್ಲೇ ನಿಂತಿತು. ‘ಡೂಡ್ ಅಂತಲೇ ಬಿಡಿ’ ಅಂದರು.

ಬಿಟ್ಟೂ ನೋಡಿದೆ. ಮಂಡ್ಯದಲ್ಲಿ ಅಕ್ಕನ ಮಗ, ಅವನ ಸ್ನೇಹಿತರನ್ನು ಕೂರಿಸಿ ತೋರಿಸಿದರೆ ಬಿದ್ದು ಬಿದ್ದು ನಕ್ಕರು. ಅವರಿಗೆ ‘ದೊಡ್ಡ ಡೂಡು’ ಅಂದರೆ ಕಪ್ಪು ಕನ್ನಡಕ ಹಾಕಿಕೊಂಡು ಬಿಲ್ಡಪ್ ಕೊಡುವವನು. ತಮಾಷೆ ನೋಡಿ, 1883ರಲ್ಲಿ ನ್ಯೂಯಾರ್ಕಿನಲ್ಲಿ ಈ ಪದ ಹಬ್ಬಿದಾಗ ಅರ್ಥ ಹೆಚ್ಚುಕಮ್ಮಿ ಇದೇ: ಬಟ್ಟೆಬರೆಯ ಶೋಕಿಲಾಲ. ಆಮೇಲೆ ಅಮೆರಿಕದ ಪಶ್ಚಿಮದವರು ದನ ಕಾಯುವ ಸೀಮೆಗೆ ಬಂದ ಪೇಟೆಯವನನ್ನೂ ಹಾಗೇ ಆಡಿಕೊಂಡರು. ಸ್ನೇಹಿತನನ್ನು ಕರೆಯುವ ಪದವಾಗಿದ್ದು ಎಷ್ಟೋ ಕಾಲದ ಮೇಲೆ. ನಮ್ಮ ಹುಡುಗರು ನಿಘಂಟು ಮುಟ್ಟದೆ ಹಳೇ ಅರ್ಥಕ್ಕೇ ಹೋಗಿ ಕೂತಿದ್ದಾರೆ!

ದಾರಿ ಸಿಕ್ಕಿದ್ದು ಸೌಂಡ್ ಆಫ್ ಮಾಡಿ ನೋಡಿದಾಗ. ತೆರೆ ಮೇಲಿನ ತುಟಿಗೆ ನಮ್ಮ ಪದ ಹೊಂದಬೇಕಲ್ಲ. ‘ಡೂಡ್’ ಅನ್ನುವಾಗ ತುಟಿ ದುಂಡಗಾಗುತ್ತದೆ, ಮುಚ್ಚುವುದಿಲ್ಲ. ‘ಮಗಾ’ ಅನ್ನಲು ಮುಚ್ಚಲೇಬೇಕು. ‘ಗುರು’ ಅಂದು ನೋಡಿ, ಸರಿಯಾಗಿ ಕೂರುತ್ತದೆ. ಹಾಗಾಗಿ ಮುಖ ಹತ್ತಿರದಿಂದ ಕಂಡರೆ ‘ಗುರು’, ಬೆನ್ನು ಕಂಡರೆ ‘ಮಗಾ’. ಗದರಿಸುವ ಡೂಡ್‌ಗೆ ‘ಲೋ’. ಯಜಮಾನನ ಮುಂದೆ ಬಾಯಿ ತಪ್ಪಿ ಬಂದ ಡೂಡ್‌ಗೆ ಸುಮ್ನೆ ಎಳೆದು ‘ಓಹೋ’. ‘ಸಿವಾ’ ಕೂಡ ಪ್ರಯತ್ನಿಸಿದೆ. ಮಂಡ್ಯದ ಟೀ ಅಂಗಡಿ ಮುಂದೆ ಸೊಗಸು, ಕ್ಯಾಲಿಫೋರ್ನಿಯಾ ಕಡಲಲ್ಲಿ ಹಲಗೆ ಮೇಲೆ ಅಲೆ ಸವಾರಿ ಮಾಡುವವನ ಬಾಯಿಗೆ ಒಗ್ಗಲಿಲ್ಲ. ಹುಡುಗಿ ಹುಡುಗಿಗೇ ಅನ್ನುವ ಡೂಡ್‌ಗೆ ಏನು ಹಾಕಿದೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಅನ್ನ.

ಸುಮಾರು 320ರಲ್ಲಿ ತಿದ್ದಲು ಬಂದದ್ದು 17 ಇರಬೇಕು. ಮೂಗು ಮುರಿದವರೇ ಈಗ ನಿಮಿಷಕ್ಕೆ 50 ರೂಪಾಯಿ ಜಾಸ್ತಿ ಕೊಡುತ್ತಾರೆ. ಹಳೇ 9 ಸಾವಿರದ ಮಾತೆತ್ತಿದರೆ ಮಾತ್ರ, ‘ನೋಡೋಣ ಗುರು’.