ಮಾತು ಹಾಡಾಗುವ ಜಾಗ

ಕಂಪನಿ ನಾಟಕಗಳಲ್ಲಿ ನನಗೆ ಸಿಕ್ಕಿದ್ದು ಹಾಡುವ ಪಾತ್ರಗಳೇ ಜಾಸ್ತಿ. ಸಂಗೀತ ಶಾಲೆಗೆ ಹೋದವಳಲ್ಲ ನಾನು. ಪೇಟಿ (ಹಾರ್ಮೋನಿಯಂ) ಮಾಸ್ತರರೇ ಗುರುಗಳು. ಹೊಸ ಹಾಡು ಕೊಟ್ಟಾಗ ಅವರು ತಕ್ಷಣ ಪೇಟಿ ಮುಟ್ಟುತ್ತಿರಲಿಲ್ಲ. "ತಂಗಿ, ಮೊದಲ ಮಾತಿನ್ಯಾಗ ಹೇಳು. ಆಮ್ಯಾಲ ಸ್ವರ" ಅನ್ನುತ್ತಿದ್ದರು. ನನ್ನ ಕಸುಬೆಲ್ಲ ನಿಂತಿರುವುದು ಆ ಮಾತಿನ ಮೇಲೆ.

ಅಕ್ಕಮಹಾದೇವಿಯ ಪಾತ್ರವನ್ನೇ ತೆಗೆದುಕೊಳ್ಳಿ. ರಾಜ ಕೌಶಿಕನ ಅರಮನೆ ಬಿಡುವ ದೃಶ್ಯದಲ್ಲಿ "ಹೊರಟೆ, ಕೌಶಿಕಾ" ಅನ್ನಬೇಕು. ಆ ಕೊನೆಯ 'ಕಾ' ಮೆಲ್ಲಗೆ ಎಳೆದು ಷಡ್ಜಕ್ಕೆ, ಅಂದರೆ 'ಸ' ಸ್ವರಕ್ಕೆ, ತಂದು ನಿಲ್ಲಿಸುತ್ತೇನೆ. ಮಾಸ್ತರರು ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಅಂತ ಜನಕ್ಕೆ ಗೊತ್ತಾಗಬಾರದು. ಮಾತು ಮುಗಿಸಿ, ಸುಮ್ನೆ ನಿಂತು, ಪೇಟಿಗೆ ಕಾದು ಹಾಡಿದರೆ ಅಕ್ಕ ಹೋಗಿಬಿಡುತ್ತಾಳೆ, ಹಾಡುವವಳು ಮಾತ್ರ ಉಳಿಯುತ್ತಾಳೆ.

ಉಸಿರಿನ ಲೆಕ್ಕವೂ ಬೇಕು. ಹೆಜ್ಜೆ ಹಾಕುತ್ತಾ ಹಾಡುವಾಗ, ತಿರುಗುವ ಹೊತ್ತಿಗೆ ಉಸಿರು ತೆಗೆದುಕೊಳ್ಳುತ್ತೇನೆ. ಆಗ ಮುಖ ಮೈಕಿನಿಂದ ಸ್ವಲ್ಪ ಆಚೆ ಇರುತ್ತದೆ, ಸದ್ದು ಕೇಳುವುದಿಲ್ಲ.

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳೆಲ್ಲ ಒಂದೇ ಕಡೆ ಕ್ಯಾಂಪ್ ಹಾಕುತ್ತವೆ. ಪಕ್ಕದ ಟೆಂಟಿನ ಡೈಲಾಗ್ ನಮ್ಮ ರಂಗದ ಮೇಲೇ ಕೇಳಿಸುತ್ತದೆ! ಅಲ್ಲಿ ಉದ್ದ ಆಲಾಪ ನಡೆಯುವುದಿಲ್ಲ. ಅಕ್ಷರ ಬಿಡಿಸಿ ಹಾಡಿದರೆ ಮಾತ್ರ ಹಿಂದಿನ ಸಾಲಿಗೆ ಮುಟ್ಟುತ್ತದೆ. ಅದೇ ಸೀಮೆಯ ಬೀಳಗಿಯ ಗೋಹರಬಾಯಿ ಕರ್ನಾಟಕಿ ಮರಾಠಿ ರಂಗಭೂಮಿಗೆ ಹೋಗಿ ಸ್ತ್ರೀ ಪಾತ್ರಗಳಿಗೆ ಹೆಸರಾದ ನಟ ಬಾಲಗಂಧರ್ವರ ಕಂಪನಿಯಲ್ಲಿ ಹಾಡಿದವರು. ಗಂಡಸರೇ ಸೀರೆ ಉಟ್ಟು ನಾಯಕಿಯಾಗುತ್ತಿದ್ದ ರಂಗ ಅದು. 1958ರಲ್ಲಿ ಆರ್. ನಾಗರತ್ನಮ್ಮನವರು ಹೆಂಗಸರದ್ದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸನಾಗಿ ತಾವೇ ಗರ್ಜಿಸಿದರು. ಇಂಥವರು ದಾರಿ ಮಾಡಿಕೊಟ್ಟಿದ್ದಕ್ಕೇ ಅಲ್ವಾ ನಾವು ಇವತ್ತು ಬಣ್ಣ ಹಚ್ಚುತ್ತಿರುವುದು?

'ಒನ್ಸ್ ಮೋರ್' ಬಂದರೆ ಕೆಲವರು ಮುಂದೆ ಬಂದು ಕೈಮುಗಿದು ಮತ್ತೆ ಮೊದಲಿಂದ ಹಾಡುತ್ತಾರೆ. ನನಗದು ಒಪ್ಪುವುದಿಲ್ಲ. ನಿಂತ ಜಾಗ ಬಿಡದೆ, ಕಣ್ಣು ಕೌಶಿಕನ ಮೇಲಿಟ್ಟು, ಕೊನೆಯ ಚರಣ ಮಾತ್ರ ಎತ್ತುತ್ತೇನೆ. ಎದುರಿನ ನಟನಿಗೂ ಮೊದಲೇ ಹೇಳಿರುತ್ತೇನೆ: "ಅಣ್ಣಾ, ನಾನು ಮತ್ತೆ ಹಾಡಿದರೆ ನೀನು ಇನ್ನೊಂದು ಹೆಜ್ಜೆ ಹಿಂದೆ ಸರಿ." ಹಾಗೆ ಮಾಡಿದರೆ ಎರಡನೇ ಸಲದ ಹಾಡೂ ದೃಶ್ಯದೊಳಗೇ ಇರುತ್ತದೆ.