ಬಣ್ಣ ಬಿಟ್ಟು ಬಾಯಿ ನೋಡಿದಾಗ: ಗರಿ ನಕ್ಷತ್ರ ವಿಂಗಡಿಸಿದ ನನ್ನ ಅನುಭವ

ಗರಿ ನಕ್ಷತ್ರ ಅಂದರೆ ಗರಿಯಂಥ ತೋಳುಗಳಿರುವ, ನಕ್ಷತ್ರಮೀನಿನ ನೆಂಟನಾದ ಸಮುದ್ರಜೀವಿ. ಹವಳ ದ್ವೀಪದ ಸುತ್ತಲಿನ ಗರಿ ನಕ್ಷತ್ರಗಳನ್ನು ಜಾತಿವಾರು ವಿಂಗಡಿಸಲು ಕೂತಾಗ ನಾನು ಮೊದಲು ಮಾಡಿದ್ದು ಬಣ್ಣದ ಪಟ್ಟಿ. ಹಳದಿಯದು ಒಂದು, ಕಪ್ಪಿನದು ಒಂದು, ಪಟ್ಟೆಪಟ್ಟೆಯದು ಇನ್ನೊಂದು. ಆಲ್ಕೋಹಾಲಿಗೆ ಹಾಕಿ ಆಮೇಲೆ ನೋಡಿದರೆ ಬಣ್ಣ ಬಾಟಲಿಯ ದ್ರವಕ್ಕೆ ಇಳಿದಿತ್ತು. ಎಲ್ಲವೂ ಒಂದೇ ತರ ಮಂಕು. ಪಟ್ಟಿ ಹರಿದು ಹಾಕಿದೆ. ಒಂದೇ ಜಾತಿಯಲ್ಲೇ ಹಲವು ಬಣ್ಣ ಇರುತ್ತವೆ ಅಂತ ಗೊತ್ತಾಗಿದ್ದು ಆಮೇಲೆ.

ಇನ್ನೊಂದು ಎಡವಟ್ಟು ಚೀಲದ್ದು. ಸುಮ್ನೆ ಜಾಗ ಉಳಿಸೋಣ ಅಂತ ಎರಡನ್ನು ಒಂದೇ ಚೀಲಕ್ಕೆ ಹಾಕಿದ್ದೆ. ದೋಣಿಗೆ ಬರುವಷ್ಟರಲ್ಲಿ ಎರಡೂ ತಮ್ಮ ತೋಳುಗಳನ್ನು ಕಳಚಿಕೊಂಡಿದ್ದವು. ಯಾವ ತೋಳು ಯಾವುದರದ್ದೋ! ಈಗ ಒಂದೊಂದಕ್ಕೂ ಬೇರೆ ಚೀಲ. ಒಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ: ಆಳ, ಜಾಗ, ಹಗಲೋ ರಾತ್ರಿಯೋ. ರಾತ್ರಿ ಮುಳುಗಲೇಬೇಕು, ಎಷ್ಟೋ ಜಾತಿಗಳು ಹಗಲೆಲ್ಲ ಬಿರುಕಿನಲ್ಲಿ ಅಡಗಿರುತ್ತವೆ.

ಮೇಜಿಗೆ ತಂದ ಮೇಲೆ ಮೊದಲು ನೋಡುವುದು ಬಾಯಿ. ಅದು ತಟ್ಟೆಯಂಥ ನಡುದೇಹದ ಮಧ್ಯೆ ಇಲ್ಲದೆ ಅಂಚಿಗೆ ಸರಿದಿದ್ದರೆ ಕೊಮಾಟುಲಿಡೆ ಕುಟುಂಬದ ಅನುಮಾನ ಬರುತ್ತದೆ. ಗಟ್ಟಿ ಸಾಕ್ಷಿ ಬಾಚಣಿಗೆ. ತೋಳಿನ ಇಕ್ಕೆಲದಲ್ಲಿ ಗರಿಯಂತೆ ಸಾಲಾಗಿರುವ ಎಳೆಗಳಲ್ಲಿ ಬಾಯಿಯ ಹತ್ತಿರದ ಒಂದನ್ನು ಕತ್ತರಿಸಿ, ಗಾಜಿನ ಮೇಲಿಟ್ಟು ಒಂದು ಹನಿ ಬ್ಲೀಚ್ ಬಿಡುತ್ತೇನೆ. ಗುಳ್ಳೆ ಎದ್ದು ಮಾಂಸ ಕರಗುತ್ತದೆ. ಎಳೆಯ ತುದಿಯಲ್ಲಿ, ಎಲುಬಿನಂಥ ಒಂದೊಂದು ತುಣುಕಿಗೂ ಹಲ್ಲು ಮೂಡಿ, ಸಾಲಾಗಿ ಪುಟ್ಟ ಬಾಚಣಿಗೆಯಂತೆ ಕಾಣುತ್ತದೆ. ಮೊದಲ ಸಲ ಕಂಡಾಗ ನಕ್ಕುಬಿಟ್ಟೆ. ನೀರಲ್ಲಿ ತೊಳೆಯುವುದು ತಡವಾದರೆ ಮಾತ್ರ ಮಣಿಸರ ಹರಿದಂತೆ ಎಲ್ಲ ಚೆಲ್ಲಾಪಿಲ್ಲಿ.

ಬಾಚಣಿಗೆ ಇಲ್ಲದಿದ್ದರೆ ಬೇರೆ ದಾರಿ. ಬಾಯಿಯ ಬಳಿಯ ಎಳೆಗಳು ದಪ್ಪಗೆ, ಮುಳ್ಳಿನಂತೆ ಸೆಟೆದು ನಿಂತಿದ್ದರೆ ಸ್ಟೆಫನೊಮೆಟ್ರಾ ಕುಲದ ಕಡೆ ನೋಡುತ್ತೇನೆ. ಹವಳ ಹಿಡಿದುಕೊಳ್ಳುವ ಕೊಕ್ಕೆಕಾಲಿನ ತುಣುಕುಗಳ ಬೆನ್ನಿಗೆ ಜೋಡಿ ಗುಬುಟು ಇದ್ದರೆ ಕೊಲೊಬೊಮೆಟ್ರಿಡೆ ಕುಟುಂಬದ ಕಡೆ.

ಆಮೇಲೆ ತೋಳಿನ ಕವಲುಗಳ ಲೆಕ್ಕ. ಒಂದು ಕವಲಿನಿಂದ ಮುಂದಿನದಕ್ಕೆ ಎರಡು ತುಣುಕೋ ನಾಲ್ಕೋ? ಕೊಮಾಟುಲಿಡೆಯ ಕೊಮಾಟೆಲ್ಲಾ ಕುಲದಲ್ಲಿ ಎರಡು. ಕೊಮಾಂಥಸ್ ಕುಲದಲ್ಲಿ ನಾಲ್ಕು, ಅದರಲ್ಲಿ ಮೂರನೆಯದೂ ನಾಲ್ಕನೆಯದೂ ಸಿಜಿಗಿ ಅನ್ನುವ ಬಿಗಿ ಬೆಸುಗೆಯಲ್ಲಿ ಸೇರಿರುತ್ತವೆ. ಹೊರಗಿನಿಂದ ನೋಡಿದರೆ ಅದು ಬರೀ ಚುಕ್ಕಿಗೆರೆ. ಸ್ನಾಯುವಿಲ್ಲದ ಇಂಥ ಕೀಲಿನಲ್ಲೇ ತೋಳು ಕಳಚುವುದು, ಚೀಲದಲ್ಲಿ ಆಗಿದ್ದೂ ಅದೇ.

ತೋಳು ಎಣಿಸಿ ಹೆಸರಿಡುವುದು ಸುಲಭ ಅನ್ನಿಸುತ್ತದೆ ಅಲ್ವಾ? ಮರಿಗಳಿಗೆಲ್ಲ ಹತ್ತೇ ತೋಳು. ದೊಡ್ಡವಾಗುತ್ತಾ ತೋಳು ಕಳಚಿ, ಅದೇ ಜಾಗದಲ್ಲಿ ಕವಲೊಡೆದು ಜಾಸ್ತಿ ಬೆಳೆಸಿಕೊಳ್ಳುತ್ತವೆ. ಹೆಸರುಗಳೂ ನಿಂತಲ್ಲಿ ನಿಲ್ಲುವುದಿಲ್ಲ. 2014ರಲ್ಲಿ ಡಿಎನ್‌ಎ ನೋಡಿ ಕೊಮಾಟುಲಿಡೆಯನ್ನೇ ಮರುಜೋಡಿಸಿದಾಗ ನನ್ನ ಹಳೆಯ ಚೀಟಿಗಳನ್ನು ತಿದ್ದಬೇಕಾಯಿತು. ಹಾಗಾಗಿ ಹತ್ತು ತೋಳಿನ ಒಂದು ಮರಿಯ ಬಾಟಲಿಯ ಮೇಲೆ ಇವತ್ತಿಗೂ ಬರೆದಿರುವುದು ಇಷ್ಟೇ: ‘ಕೊಮಾಟುಲಿಡೆ, ಮರಿ, ಬಾಚಣಿಗೆ ಇದೆ.’